ಮುಸುರೆ ನೀರು ಹರಿದ ದಾರಿ

ಪೂರ್ವದಲ್ಲಿ ಗುಡ್ಡ, ಪಶ್ಚಿಮದಲ್ಲಿ ಅರಬ್ಬೀ ಸಮುದ್ರ, ಉತ್ತರದಲ್ಲಿ ಕಾಳಿನದಿಯ ಅಳಿವೆ, ಇವುಗಳ ನಡುವೆ ಉಳಿದ ಕಿರಿದಾದ ಸಮತಲದಲ್ಲಿ ಹಬ್ಬಿಕೊಂಡಿರುವ ಕಾರವಾರದಲ್ಲಿಯೂ, ಅಲ್ಲಿಂದ ತೆಂಕಣಕ್ಕೆ ಗಂಗಾವಳಿಯವರೆಗೆ ಚಾಚಿರುವ ಅಂಕೋಲೆಯ ಸೀಮೆಯಲ್ಲಿಯೂ ವರ್ಷಕ್ಕೆ ಸುಮಾರು 3000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಮುಗಿಯುತ್ತದೆ. ಇಂತಹ ನೆಲದಲ್ಲಿ ನೀರನ್ನು ಮನೆಗೆ ತರುವುದಕ್ಕಿಂತ ಮನೆಯಿಂದ ಕಳುಹಿಸಿಕೊಡುವುದೇ ಕಠಿನತರವಾದ ವಿದ್ಯೆ. ಆ ವಿದ್ಯೆಯ ಅತ್ಯಂತ ಸಣ್ಣದಾದ, ಆದರೆ ದಿನಕ್ಕೆ ಎರಡು ಮೂರು ಬಾರಿ ತಪ್ಪದೆ ನಡೆಯುವ ಪ್ರಯೋಗವೆಂದರೆ ಉಂಡ ಪಾತ್ರೆಗಳನ್ನು ತೊಳೆದ ನೀರಿಗೆ ದಾರಿ ಮಾಡಿಕೊಡುವುದು. ಈಗ ಪಾತ್ರೆ ತೊಳೆಯುವ ಯಂತ್ರವು ಈ ಸೀಮೆಯ ಅಡಿಗೆಮನೆಗಳನ್ನೂ ಹೊಕ್ಕಿದೆ; ಅದಕ್ಕೆ ಬರುವ ವ್ಯಾಧಿಗಳಲ್ಲಿ ಸರ್ವಸಾಧಾರಣವಾದುದು, ತೊಳೆದ ನೀರು ಹೊರಗೆ ಹೋಗದೆ ತಳದಲ್ಲಿಯೇ ನಿಂತುಬಿಡುವುದು. ಈ ವ್ಯಾಧಿಯ ಮೂಲವು ಬಹಳಷ್ಟು ಸಲ ಯಂತ್ರದಲ್ಲಿರುವುದಿಲ್ಲ, ಮನೆಯಲ್ಲಿರುತ್ತದೆ. ಆದುದರಿಂದ ಯಂತ್ರವನ್ನು ಬಿಚ್ಚುವುದಕ್ಕೆ ಮುನ್ನ ಇಲ್ಲಿನ ಮನೆಗಳಲ್ಲಿ ಮುಸುರೆ ನೀರು ಯಾವ ದಾರಿಯಲ್ಲಿ ಹರಿದು ಬಂದಿತೆಂಬುದನ್ನು ತಿಳಿಯುವುದು ಪ್ರಯೋಜನಕರವೆಂದು ನಾನು ನಂಬುತ್ತೇನೆ.

ಕಾರವಾರ-ಅಂಕೋಲೆಗಳ ಹಳೆಯ ಮನೆಗಳಲ್ಲಿ, ಅವು ಸಾರಸ್ವತರ ಚಿರೆಕಲ್ಲಿನ ಮನೆಗಳಾಗಿರಲಿ, ನಾಡವರ ಅಂಗಳದ ಮನೆಗಳಾಗಿರಲಿ, ಹಾಲಕ್ಕಿ ಒಕ್ಕಲಿಗರ ಹುಲ್ಲುಮಾಡಿನ ಮನೆಗಳಾಗಿರಲಿ, ಮುಸುರೆ ತಿಕ್ಕುವ ಕೆಲಸವು ಒಲೆಯ ಬಳಿಯಲ್ಲಿ ನಡೆಯುತ್ತಿರಲಿಲ್ಲ. ಎಂಜಲಿಗೆ ಅಡಿಗೆಯ ಕೋಣೆಯಲ್ಲಿ ಸ್ಥಾನವಿಲ್ಲವೆಂಬ ಆಚಾರವು ಕೆಲವು ಮನೆಗಳಲ್ಲಿ ಇದಕ್ಕೆ ಕಾರಣವಾಗಿದ್ದಿತು. ಆದರೆ ಆಚಾರವು ಅಷ್ಟು ಬಿಗಿಯಾಗಿರದ ಮನೆಗಳಲ್ಲಿಯೂ ಇದೇ ಪದ್ಧತಿಯಿದ್ದುದನ್ನು ನೋಡಿದರೆ, ಸಗಣಿ ಸಾರಿಸಿದ ಮಣ್ಣಿನ ನೆಲವು ಕರಾವಳಿಯ ಮಳೆಗಾಲದಲ್ಲಿ ಒಮ್ಮೆ ನೆನೆದರೆ ವಾರಗಟ್ಟಲೆ ಆರದು ಎಂಬ ಅನುಭವವೇ ಇದರ ನಿಜವಾದ ಮೂಲವೆಂದು ತೋರುತ್ತದೆ. ಹಿತ್ತಿಲ ಬಾಗಿಲಿನಾಚೆ, ಬಾವಿಗೆ ಅತಿದೂರವೂ ಅಲ್ಲದ ಅತಿಸಮೀಪವೂ ಅಲ್ಲದ ಒಂದೆಡೆಯಲ್ಲಿ, ಒಂದು ಹಾಸುಗಲ್ಲು; ಅದರ ಓಟವು ಬಾವಿಯ ಕಡೆಗೆ ಇರದೆ ತೋಟದ ಕಡೆಗೆ; ಕಲ್ಲಿನ ತುದಿಯಿಂದ ಮುಂದೆ ಒಂದು ಮಣ್ಣಿನ ಕಾಲುವೆ ಅಥವಾ ಸೀಳಿದ ಅಡಿಕೆಮರದ ದಬ್ಬೆ; ಆ ಕಾಲುವೆಯ ಕೊನೆಯಲ್ಲಿ ಒಂದು ತೆಂಗಿನ ಬುಡ, ಇಲ್ಲವೆ ಬಾಳೆಯ ಗುಂಪು, ಅದರ ಪಕ್ಕದಲ್ಲಿ ಬಸಳೆಯ ಚಪ್ಪರ ಹಾಗೂ ಕೆಸುವಿನ ಪಾತಿ. ಮನೆಯ ಯಜಮಾನನಿಗೆ ತನ್ನ ಹೊಲದ ಗಡಿ ಎಷ್ಟು ನಿಶ್ಚಿತವಾಗಿ ತಿಳಿದಿರುತ್ತಿತ್ತೋ, ಮನೆಯ ಹೆಂಗಸಿಗೆ ತಾನು ಚೆಲ್ಲಿದ ನೀರು ಎಲ್ಲಿ ಹೋಗಿ ನಿಲ್ಲುವುದೆಂಬುದು ಅಷ್ಟೇ ನಿಶ್ಚಿತವಾಗಿ ತಿಳಿದಿರುತ್ತಿತ್ತು. ಶ್ರಾವಣದಲ್ಲಿ ಪತ್ರೊಡೆಯಾಗಿ ಎಲೆಯ ಮೇಲೆ ಬಂದ ಕೆಸುವು ಹಿಂದಿನ ತಿಂಗಳ ಮುಸುರೆ ನೀರನ್ನು ಕುಡಿದು ಬೆಳೆದುದಾಗಿರುತ್ತಿತ್ತು.

ಆದರೆ ಪಾತ್ರೆಯು ಹಾಸುಗಲ್ಲನ್ನು ಸೇರುವುದಕ್ಕೂ ಮುನ್ನ ನಡೆಯುತ್ತಿದ್ದ ಒಂದು ವಿಧಿಯನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ವಿಷಯದ ಮರ್ಮವು ಅದರಲ್ಲಿಯೇ ಇದೆ. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ತರಕಾರಿಯ ಸಿಪ್ಪೆ, ಪಾತ್ರೆಯ ತಳದಲ್ಲಿ ಉಳಿದ ಅಗುಳು, ಇವೆಲ್ಲವೂ ಅಕ್ಕಚ್ಚಿನ ಬಾನಿಯನ್ನು ಸೇರಿ, ಸಂಜೆ ಕೊಟ್ಟಿಗೆಯ ಹಸುವಿನ ಮುಂದೆ ಇಡಲ್ಪಡುತ್ತಿದ್ದುವು. ಮೀನಿನ ಮುಳ್ಳು, ಸಿಗಡಿಯ ಸಿಪ್ಪೆ, ಚಿಪ್ಪಿಕಲ್ಲಿನ ಚಿಪ್ಪುಗಳು ಬೆಕ್ಕಿನ ಪಾಲಾಗಿ ಉಳಿದರೆ ತೆಂಗಿನ ಬುಡದ ಗುಂಡಿಯಲ್ಲಿ ಹೂಳಲ್ಪಡುತ್ತಿದ್ದುವು. ಮೀನು ತೊಳೆದ ನೀರು ತೆಂಗಿಗೆ ಒಳ್ಳೆಯ ಗೊಬ್ಬರವೆಂದು ಮೀನುಗಾರ ಹರಿಕಂತ್ರರ ಕೇರಿಯ ಪ್ರತಿಯೊಬ್ಬ ಹೆಂಗಸೂ ಬಲ್ಲಳು. ಹೀಗಾಗಿ ಕಲ್ಲಿನ ಮೇಲೆ ತಿಕ್ಕಿಸಿಕೊಳ್ಳಲು ಬಂದ ಪಾತ್ರೆಯಲ್ಲಿ ಜಿಡ್ಡು ಮತ್ತು ಬಣ್ಣ ಉಳಿದಿರುತ್ತಿದ್ದುವೇ ಹೊರತು ಘನಪದಾರ್ಥವು ಉಳಿದಿರುತ್ತಿರಲಿಲ್ಲ. ಕಾಲುವೆ ಕಟ್ಟಿಕೊಳ್ಳುವ ಪ್ರಸಂಗವೂ ಬರುತ್ತಿರಲಿಲ್ಲ. ದೊಡ್ಡ ಊಟಗಳಲ್ಲಂತೂ ಬಾಳೆಯೆಲೆಯೂ ಮುತ್ತುಗದ ಎಲೆಯ ಪತ್ರಾವಳಿಯೂ ಈ ಭಾರವನ್ನೇ ಇಲ್ಲದಂತೆ ಮಾಡುತ್ತಿದ್ದುವು.

ಉಳಿದ ಜಿಡ್ಡನ್ನು ತೆಗೆಯುತ್ತಿದ್ದುದು ಬೂದಿ. ಒಲೆಯ ಬೂದಿಯಲ್ಲಿ, ವಿಶೇಷವಾಗಿ ತೆಂಗಿನ ಸಿಪ್ಪೆ ಹಾಗೂ ಮಡಲಿನ ಬೂದಿಯಲ್ಲಿ, ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುತ್ತದೆ; ಬಿಸಿನೀರು ಸೇರಿದಾಗ ಆ ಕ್ಷಾರವು ಕೊಬ್ಬಿನ ಒಂದಂಶವನ್ನು ಸಾಬೂನಾಗಿ ಪರಿವರ್ತಿಸಿ ನೀರಿನೊಡನೆ ಹೊರಡಿಸಿಬಿಡುತ್ತದೆ. ಅರಣ್ಯ ಇಲಾಖೆಯು 1868ರಲ್ಲಿ ಕಾರವಾರದ ಕಡಲದಂಡೆಯ ಮರಳಿನಲ್ಲಿ ಉರುವಲಿಗಾಗಿ ಗಾಳಿಮರವನ್ನು ನೆಡಲಾರಂಭಿಸಿದ ಮೇಲೆ ಅದರ ಸೌದೆಯೂ ಪಟ್ಟಣದ ಒಲೆಗಳನ್ನು ಸೇರಿ, ಅದರ ಬೂದಿಯೂ ಪಾತ್ರೆಗಳನ್ನು ಬೆಳಗಿತೆಂದು ಎಣಿಸಬಹುದು. ತಿಕ್ಕುವುದಕ್ಕೆ ತೆಂಗಿನ ನಾರು. ಕಂಚು-ತಾಮ್ರಗಳ ಕಿಲುಬಿಗೆ ಹುಣಸೆ ಅಥವಾ ಬಿಂಬುಳಿಯ ಹುಳಿ. ಮೀನಿನ ಸಾರು ಕಾಯಿಸಿದ ಮಣ್ಣಿನ ಗಡಿಗೆಗೆ ಬಿಸಿನೀರು ಮತ್ತು ಬೂದಿ ಮಾತ್ರ. ತಾಮ್ರ-ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರ ಹಾಗೂ ನವಸಾಗರಗಳಿಂದ ಕಲಾಯಿ ಹಾಕುವವನು ವರ್ಷಕ್ಕೊಮ್ಮೆ ತಿದಿಯನ್ನು ಹೊತ್ತುಕೊಂಡು ಬರುತ್ತಿದ್ದನು. ಸ್ಟೇನ್‌ಲೆಸ್ ಸ್ಟೀಲು ಬಂದ ಮೇಲೆ ಅವನ ದಾರಿ ನಿಂತುಹೋಯಿತು. ಬಿಸಿನೀರಿನ ಮಾತನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವುಂಟು. ತೆಂಗಿನೆಣ್ಣೆಯು ಸುಮಾರು 24 ಡಿಗ್ರಿ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಮುರುಗಲಿನ ಬೀಜದಿಂದ ತೆಗೆಯುವ ತುಪ್ಪವು ಕರಗಬೇಕಾದರೆ ಸುಮಾರು 40 ಡಿಗ್ರಿ ಬೇಕು. ಈ ಸೀಮೆಯ ಅಡಿಗೆಯ ಕೊಬ್ಬು ತಣ್ಣೀರಿನಲ್ಲಿ ಕರಗುವುದಿಲ್ಲ; ತೆರೆದ ಮಣ್ಣಿನ ಕಾಲುವೆಯಲ್ಲಿ ಅದು ಗಟ್ಟಿಯಾದರೂ ಬಾಧೆಯಿಲ್ಲ, ಇರುವೆಗಳೂ ಬಿಸಿಲೂ ಅದನ್ನು ತೀರಿಸುತ್ತವೆ; ಆದರೆ ಮುಚ್ಚಿದ ಕೊಳವೆಯಲ್ಲಿ ಗಟ್ಟಿಯಾದರೆ ಅಲ್ಲಿಯೇ ಪದರಪದರವಾಗಿ ಬೆಳೆಯುತ್ತದೆ.

ಈ ಪದ್ಧತಿಯನ್ನು ಹೊಗಳುವಾಗ ಅದರ ಭಾರವನ್ನು ಹೊತ್ತವರನ್ನು ಮರೆತರೆ ಅದು ಅಸತ್ಯವಾದೀತು. ಆಷಾಢದ ಮಳೆಯಲ್ಲಿ ಗೊರಬನ್ನು ತಲೆಗೆ ಹಾಕಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು, ಬೂದಿಯ ಕ್ಷಾರದಿಂದ ಬಿರಿದ ಬೆರಳುಗಳಲ್ಲಿ ಹಂಡೆ-ಕೊಪ್ಪರಿಗೆಗಳನ್ನು ತಿಕ್ಕಿದವರು ಮನೆಯ ಸೊಸೆಯಂದಿರು, ವಿಧವೆಯರು, ಕೂಲಿಯ ಹೆಂಗಸರು. ಮುಸುರೆ ತಿಕ್ಕುವವಳೆಂಬುದು ಕೀಳಿನ ಮಾತಾಗಿ ಬಳಕೆಯಾದುದು ನಮ್ಮ ಸಮಾಜಕ್ಕೆ ಅಂಟಿದ ಕಲಂಕ. ಯಂತ್ರವೊಂದು ಈ ಕೆಲಸವನ್ನು ತನ್ನ ಮೇಲೆ ಹಾಕಿಕೊಳ್ಳುವುದಾದರೆ ಅದನ್ನು ಸ್ವಾಗತಿಸದೆ ಇರುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಮನೆಯ ಕಾಲುವೆಯಿಂದ ಸ್ವಲ್ಪ ಮುಂದೆ ನಡೆದು ನದೀಮುಖಕ್ಕೆ ಬಂದರೆ, ಇದೇ ವಿದ್ಯೆಯ ದೊಡ್ಡ ರೂಪವು ಗಜನಿ ಭೂಮಿಯಲ್ಲಿ ಕಾಣಸಿಗುತ್ತದೆ. ಗಂಗಾವಳಿ, ಅಘನಾಶಿನಿಗಳ ಅಳಿವೆಗಳಲ್ಲಿ ಉಪ್ಪುನೀರು ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಅಲ್ಲಿನ ರೈತರು ಮಣ್ಣಿನ ಕಟ್ಟೆಗಳನ್ನು ಹಾಕಿ, ಕಟ್ಟೆಯಲ್ಲಿ ತೂಬುಗಳನ್ನಿಟ್ಟು, ಇಳಿತದಲ್ಲಿ ಗದ್ದೆಯ ನೀರನ್ನು ಹೊರಗೆ ಬಿಟ್ಟು ಭರತದಲ್ಲಿ ಕಡಲಿನ ನೀರನ್ನು ತಡೆದು, ಉಪ್ಪನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆದರು. ಮುಂಬಯಿ ಸರಕಾರವು 1948ರಲ್ಲಿ ಖಾರ್‌ಲ್ಯಾಂಡ್ ಕಾಯಿದೆಯನ್ನು ಮಾಡಿದುದು ಇಂತಹ ಕಟ್ಟೆ-ತೂಬುಗಳ ರಕ್ಷಣೆಗಾಗಿಯೇ. ತೂಬಿನ ಬಾಗಿಲಿಗೆ ಒಂದು ಮರದ ತುಂಡು ಸಿಕ್ಕಿಕೊಂಡಿತೆಂದರೆ, ಹೋಗಬೇಕಾದ ನೀರು ಹೋಗುವುದಿಲ್ಲ, ಬರಬಾರದ ನೀರು ಬರುತ್ತದೆ. ಒಂದೇ ತಪ್ಪಿನಿಂದ ಎರಡು ಕೇಡು. ಈ ತೂಬನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ಬಿನ್ನಹ.

1862ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿ, ಕಾರವಾರವು ಜಿಲ್ಲೆಯ ಕೇಂದ್ರವಾದಂದಿನಿಂದ ಇಲ್ಲಿ ಪಟ್ಟಣವೆಂಬುದು ಬೆಳೆಯತೊಡಗಿತು. ಕಚೇರಿಗಳು, ಬಂಗಲೆಗಳು, ಬಾಡಿಗೆಯ ಮನೆಗಳು, ಅವುಗಳ ಮುಂದೆ ತೆರೆದ ಗಟಾರಗಳು ಬಂದುವು. ಬಾಡಿಗೆಯ ಮನೆಯಲ್ಲಿ ಹಿತ್ತಿಲು ಚಿಕ್ಕದಾಯಿತು; ತೆಂಗಿನ ಬುಡಕ್ಕೆ ಹೋಗುತ್ತಿದ್ದ ನೀರು ಬೀದಿಯ ಗಟಾರಕ್ಕೆ ತಿರುಗಿತು; ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯು ಮನೆಯವರದಾಗಿ ಉಳಿಯದೆ ಪುರಸಭೆಯದಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರದ ದಶಕಗಳಲ್ಲಿ ಕಾಂಕ್ರೀಟಿನ ಮನೆಗಳು ಬಂದು, ಪಾತ್ರೆ ತೊಳೆಯುವ ಸ್ಥಳವು ಹಿತ್ತಿಲಿನಿಂದ ಒಳಗೆ ಸರಿದು, ಮೊದಲು ಮೂಲೆಯ ಮೋರಿಯಾಗಿ, ಆಮೇಲೆ ನಿಂತು ತೊಳೆಯುವ ಸಿಂಕಾಗಿ ಮಾರ್ಪಟ್ಟಿತು. ನಿಂತು ತೊಳೆಯುವುದು ಬೆನ್ನಿಗೆ ದೊಡ್ಡ ಉಪಕಾರ. ಆದರೆ ಸಿಂಕಿನ ಕೆಳಗೆ ಬಂದ ಬಾಗಿದ ಕೊಳವೆಯು, ಎಂದರೆ 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗನು ಶೌಚಾಲಯಕ್ಕಾಗಿ ಹಕ್ಕುಪತ್ರ ಪಡೆದ, ದುರ್ಗಂಧವನ್ನು ತಡೆಯುವ ನೀರಿನ ಬಾಗಿನ ವಂಶಕ್ಕೆ ಸೇರಿದ ಆ ಕೊಳವೆಯು, ಅಗುಳನ್ನೂ ಕೊಬ್ಬನ್ನೂ ತನ್ನ ಬಾಗಿನಲ್ಲಿ ಹಿಡಿದಿಡುತ್ತದೆ. ಕೊಟ್ಟಿಗೆಯ ಹಸು ಹೋಯಿತು, ಅಕ್ಕಚ್ಚಿನ ಬಾನಿ ಹೋಯಿತು. ಬಾನಿಗೆ ಹೋಗಬೇಕಾದುದು ಕೊಳವೆಗೆ ಹೋಯಿತು.

1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಅರಗಾ ಮೊದಲಾದ ಕಡಲತಡಿಯ ಊರುಗಳ ಜನರು ತಲೆಮಾರುಗಳ ಮನೆ-ತೋಟಗಳನ್ನು ಬಿಟ್ಟು ತೋಡೂರು, ಮುದಗಾ ಮುಂತಾದೆಡೆಗಳ ಪುನರ್ವಸತಿ ನಿವೇಶನಗಳಿಗೆ ಬಂದಾಗ, ಅವರು ಕಳೆದುಕೊಂಡ ಸಂಪತ್ತಿನಲ್ಲಿ ಹಿತ್ತಿಲ ಇಳಿಜಾರೂ ಒಂದು. ಪರಿಹಾರದ ಲೆಕ್ಕದಲ್ಲಿ ಮರಗಳಿಗೆ ಬೆಲೆ ಕಟ್ಟಬಹುದು, ಇಳಿಜಾರಿಗೆ ಕಟ್ಟಲಾಗದು.

ಇನ್ನು ಯಂತ್ರದ ಪೂರ್ವೋತ್ತರ. 1850ರಲ್ಲಿ ಅಮೆರಿಕದ ಜೋಯಲ್ ಹೌಟನ್ ಎಂಬವನು ಕೈಯಿಂದ ತಿರುಗಿಸಿ ನೀರೆರಚುವ ಮರದ ಪೆಟ್ಟಿಗೆಯೊಂದಕ್ಕೆ ಹಕ್ಕುಪತ್ರವನ್ನು ಪಡೆದನಾದರೂ ಅದು ಬಳಕೆಗೆ ಬಾರದೆ ಹೋಯಿತು. ಇಲಿನಾಯ್ ಸಂಸ್ಥಾನದ ಶೆಲ್ಬಿವಿಲ್ ಎಂಬ ಸಣ್ಣ ಊರಿನಲ್ಲಿದ್ದ ಜೋಸೆಫೀನ್ ಕಾಕ್ರನ್ ಎಂಬ ಗೃಹಿಣಿಯು, ತನ್ನ ಪಿಂಗಾಣಿಯ ತಟ್ಟೆಗಳು ಆಳುಗಳ ಕೈಯಲ್ಲಿ ಮುಕ್ಕಾಗುವುದನ್ನು ಸಹಿಸಲಾರದೆ ಇದರ ಯೋಚನೆಯನ್ನು ಆರಂಭಿಸಿ, 1883ರಲ್ಲಿ ಪತಿಯು ತೀರಿಕೊಂಡು ಸಾಲದ ಹೊರೆ ತಲೆಯ ಮೇಲೆ ಬಿದ್ದಾಗ ಅದನ್ನೇ ಜೀವನೋಪಾಯವಾಗಿ ಕೈಗೊಂಡು, 1886ರ ಡಿಸೆಂಬರ್ 28ರಂದು ಹಕ್ಕುಪತ್ರವನ್ನು ಸಂಪಾದಿಸಿದಳು. ತಂತಿಯ ಗೂಡುಗಳಲ್ಲಿ ನಿಲ್ಲಿಸಿದ ಪಾತ್ರೆಗಳ ಮೇಲೆ ಬಿಸಿ ಸಾಬೂನುನೀರನ್ನು ರಭಸದಿಂದ ಹಾಯಿಸುವ ಆಕೆಯ ತತ್ತ್ವವೇ ಇಂದಿಗೂ ನಡೆದಿದೆ. 1893ರ ಶಿಕಾಗೋ ಮಹಾಪ್ರದರ್ಶನದಲ್ಲಿ, ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವು ಯಾವ ಪ್ರದರ್ಶನದ ಅಂಗವಾಗಿ ನಡೆಯಿತೋ ಅದೇ ಪ್ರದರ್ಶನದಲ್ಲಿ, ಅಲ್ಲಿನ ಭೋಜನಶಾಲೆಗಳ ರಾಶಿ ರಾಶಿ ಪಾತ್ರೆಗಳನ್ನು ಈ ಯಂತ್ರಗಳು ತೊಳೆದುವು. ಉಪಾಹಾರಗೃಹಗಳು ಅದನ್ನು ಕೊಂಡುವು. ಮನೆಗಳು ಕೊಳ್ಳಲಿಲ್ಲ, ಏಕೆಂದರೆ ಅಷ್ಟು ಬಿಸಿನೀರನ್ನು ಒದಗಿಸುವ ಸೌಕರ್ಯವು ಅಂದಿನ ಮನೆಗಳಲ್ಲಿರಲಿಲ್ಲ. 1924ರಲ್ಲಿ ಇಂಗ್ಲೆಂಡಿನ ವಿಲಿಯಂ ಲಿವೆನ್ಸನು ಮುಂಬಾಗಿಲು ಹಾಗೂ ತಿರುಗುವ ಸಿಂಪಡಿಕೆಯುಳ್ಳ ಸಣ್ಣ ಯಂತ್ರವನ್ನು ರೂಪಿಸಿದನು. ಎರಡನೆಯ ಮಹಾಯುದ್ಧದ ನಂತರವೇ, ಮನೆಮನೆಗೆ ಕೊಳವೆಗಳು ಬಂದ ಮೇಲೆ, ಅದು ಪಶ್ಚಿಮದ ಸಂಸಾರಗಳನ್ನು ಸೇರಿತು. ಭಾರತದಲ್ಲಿ ಅದರ ಬೇಡಿಕೆಯು ಏಕಾಏಕಿ ಏರಿದುದು 2020ರ ಲಾಕ್‌ಡೌನಿನಲ್ಲಿ, ಮನೆಗೆಲಸದವರು ಮನೆ ಬಿಟ್ಟು ಬರಲಾಗದೆ ಹೋದ ದಿನಗಳಲ್ಲಿ.

ಯಂತ್ರವು ನೀರನ್ನು ಹೊರಗೆ ಹಾಕುವ ಕ್ರಮವು ಹಾಸುಗಲ್ಲಿನ ಕ್ರಮಕ್ಕೆ ನೇರ ವಿರುದ್ಧವಾದುದು. ಅದು ಇಳಿಜಾರನ್ನು ನಂಬುವುದಿಲ್ಲ. ತಳದ ಕುಳಿಯಲ್ಲಿ ಸೇರಿದ ನೀರನ್ನು ಸಣ್ಣದೊಂದು ಪಂಪು ಮೇಲಕ್ಕೆತ್ತಿ, ಕೊಳವೆಯ ಮೂಲಕ ಸಿಂಕಿನ ಕೆಳಗಿನ ಬಾಗಿಗೆ ತಳ್ಳುತ್ತದೆ. ಹೋದ ನೀರು ಮರಳಿ ಬಾರದಂತೆ ಅಲ್ಲೊಂದು ಕವಾಟವಿರುತ್ತದೆ; ಗಜನಿಯ ತೂಬಿನ ಬಾಗಿಲು ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಕಸ ಸಿಕ್ಕಿದಾಗ ತೂಬಿನಂತೆಯೇ ಎರಡು ಕೇಡನ್ನೂ ತರುತ್ತದೆ. ಆದುದರಿಂದ ನೀರು ನಿಂತ ಯಂತ್ರವನ್ನು ಸರಿಪಡಿಸಲು ಹೊರಟವರು ಮೊದಲು ಪ್ಲಗ್ಗನ್ನು ಕಿತ್ತು ವಿದ್ಯುತ್ತನ್ನು ಪೂರ್ಣವಾಗಿ ತಪ್ಪಿಸಿ, ನೀರು ತಣಿಯುವವರೆಗೆ ಕಾದು, ಲೋಟದಿಂದಲೂ ಬಟ್ಟೆಯಿಂದಲೂ ಅದನ್ನು ತೋಡಿ ತೆಗೆಯಬೇಕು. ಕೆಳಗಿನ ಗೂಡನ್ನು ಹೊರಗೆಳೆದರೆ ತಳದಲ್ಲಿ ಜಾಲರಿಯ ಫಿಲ್ಟರು ಕಾಣುತ್ತದೆ; ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿ ಮೇಲಕ್ಕೆತ್ತಿದರೆ ಅದು ಕೈಗೆ ಬರುತ್ತದೆ. ನಮ್ಮ ಸೀಮೆಯ ಫಿಲ್ಟರಿನಲ್ಲಿ ಸಿಕ್ಕುವುದು ಕುಚ್ಚಲಕ್ಕಿಯ ಅಗುಳು, ಒಗ್ಗರಣೆಯ ಸಾಸಿವೆ, ಕರಿಬೇವಿನ ಎಲೆ, ತುರಿದ ಕಾಯಿಯ ಚರಟ, ಬಂಗಡೆಯ ಮುಳ್ಳು, ಇವೆಲ್ಲವನ್ನೂ ಒಂದಕ್ಕೊಂದು ಅಂಟಿಸಿದ ತೆಂಗಿನೆಣ್ಣೆಯ ಜಿಡ್ಡು. ಬಿಸಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಜಾಲರಿಯ ಕಣ್ಣುಗಳು ಬಿಡಿಸಿಕೊಳ್ಳುತ್ತವೆ. ಬಹುಪಾಲು ಯಂತ್ರಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ.

ವಾಸಿಯಾಗದಿದ್ದರೆ ಕುಳಿಯ ಬದಿಯಲ್ಲಿರುವ ಪಂಪಿನ ಮುಚ್ಚಳವನ್ನು ತೆಗೆದು, ಒಡೆದ ಗಾಜಿನ ಚೂರು ಇರಬಹುದಾದುದರಿಂದ ಬರಿಗೈ ಹಾಕದೆ, ಒಂದು ಕಡ್ಡಿಯಿಂದ ಒಳಗಿನ ರೆಕ್ಕೆಚಕ್ರವು ತಿರುಗುವುದೋ ಎಂದು ಪರೀಕ್ಷಿಸಬೇಕು. ಒಂದೇ ಒಂದು ಮೀನಿನ ಮುಳ್ಳು ಅದನ್ನು ನಿಲ್ಲಿಸಬಲ್ಲುದು. ಅದೂ ಸರಿಯಿದ್ದರೆ ನಿರ್ಣಾಯಕವಾದ ಪರೀಕ್ಷೆಯೊಂದುಂಟು: ಹೊರಹೋಗುವ ಕೊಳವೆಯ ತುದಿಯನ್ನು ಸಿಂಕಿನ ಜೋಡಣೆಯಿಂದ ಬಿಡಿಸಿ, ಒಂದು ಬಕೆಟ್ಟಿನೊಳಗೆ ಹಿಡಿದು, ಬಿಚ್ಚಿದ ಮುಚ್ಚಳ-ಫಿಲ್ಟರುಗಳನ್ನು ಮತ್ತೆ ಕೂಡಿಸಿ, ತಳಕ್ಕೆ ಸ್ವಲ್ಪ ನೀರು ಹೊಯ್ದು, ಪ್ಲಗ್ಗನ್ನು ಮರಳಿ ಹಾಕಿ, ನೀರನ್ನು ಹೊರಹಾಕುವ ಕ್ರಮವನ್ನು ಚಾಲನೆ ಮಾಡುವುದು. ನೀರು ರಭಸದಿಂದ ಬಕೆಟ್ಟಿಗೆ ಬಿದ್ದರೆ ಯಂತ್ರವು ನಿರ್ದೋಷಿ. ದೋಷವು ಸಿಂಕಿನ ಬಾಗಿನಲ್ಲಿಯೋ ಅಲ್ಲಿಂದ ಮುಂದಿನ ಪೈಪಿನಲ್ಲಿಯೋ ಇದೆ. ಹೊಸದಾಗಿ ಕೂಡಿಸಿದ ಯಂತ್ರವಾದರೆ, ಸಿಂಕಿನ ಜೋಡಣೆಯ ಮೂತಿಗೆ ತಯಾರಿಕೆಯಲ್ಲಿಯೇ ಇದ್ದ ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಕತ್ತರಿಸದೆ ಬಿಟ್ಟಿರುವುದೂ ಉಂಟು. ಪಂಪು ಗುಂಯ್ಗುಡುತ್ತಿದ್ದರೂ ನೀರು ಬಾರದಿದ್ದರೆ ಕೊಳವೆಯು ಯಂತ್ರದ ಹಿಂದೆ ಗೋಡೆಗೊತ್ತಿ ಮಡಿಚಿಕೊಂಡಿರಬಹುದು. ಪಂಪು ಸದ್ದೇ ಮಾಡದಿದ್ದರೆ, ಕಡಲ ಗಾಳಿಯ ಉಪ್ಪಿನಿಂದ ತಂತಿಯ ಜೋಡಣೆಗಳು ತುಕ್ಕು ಹಿಡಿಯುವುದು ಈ ಊರುಗಳಲ್ಲಿ ಸಾಮಾನ್ಯವಾದುದರಿಂದ, ಅಲ್ಲಿಗೆ ನಮ್ಮ ಕೈಯನ್ನು ನಿಲ್ಲಿಸಿ ತಜ್ಞನನ್ನು ಕರೆಯುವುದೇ ಕ್ಷೇಮ. ಇನ್ನೊಂದು ಮಾತು: ಕೊಳವೆಯು ಯಂತ್ರದಿಂದ ಹೊರಟು ಮೊದಲು ಅಡಿಗೆಕಟ್ಟೆಯ ಹಲಗೆಯ ಅಡಿಯವರೆಗೆ ಏರಿ, ಆಮೇಲೆ ಸಿಂಕಿನ ಬಾಗಿಗೆ ಇಳಿಯಬೇಕು, ಆ ಏರು ಇಲ್ಲದಿದ್ದರೆ ಸಿಂಕಿನ ಕೊಳೆನೀರು ಯಂತ್ರದೊಳಕ್ಕೆ ನುಸುಳುತ್ತದೆ.

ಕಟ್ಟಿದ ಪೈಪಿಗೆ ಕಾಸ್ಟಿಕ್ ಸೋಡಾ ಸುರಿಯುವುದು ಇಲ್ಲಿ ಬಹುಜನರ ರೂಢಿ. ಕಾರವಾರದ ಬಳಿಯ ಬಿಣಗಾದಲ್ಲಿಯೇ 1970ರ ದಶಕದಿಂದ, ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿ ಅದನ್ನು ತಯಾರಿಸುವ ಕಾರ್ಖಾನೆಯಿದೆ. ಗುಣದಲ್ಲಿ ಅದು ಅಜ್ಜಿಯರ ಬೂದಿಯ ಕ್ಷಾರಕ್ಕೆ ಬಂಧು, ಬಲದಲ್ಲಿ ಅದಕ್ಕಿಂತ ಎಷ್ಟೋ ಪಾಲು ಉಗ್ರ. ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ನೀರು ತಾಗಿದೊಡನೆ ಕುದಿಯುತ್ತದೆ. ಅದನ್ನು ಯಂತ್ರದೊಳಕ್ಕೆ ಸರ್ವಥಾ ಹಾಕಬಾರದು. ಸಿಂಕಿನ ಬಾಗನ್ನು ಕೈಯಿಂದ ಬಿಚ್ಚಿ ತೊಳೆಯುವುದು ಸಾಧ್ಯವಿರುವಾಗ ಅದರ ಅವಶ್ಯಕತೆಯೇ ಇಲ್ಲ.

ಯಂತ್ರವೂ ಸರಿ, ಬಾಗೂ ಸರಿ, ಆದರೂ ಜುಲೈ ತಿಂಗಳಿನಲ್ಲಿ ಮಾತ್ರ ನೀರು ನಿಲ್ಲುವುದಾದರೆ, ಕಾರಣವು ಮನೆಯ ಹೊರಗಿದೆ. ಗಟಾರವು ಮಳೆನೀರಿನಿಂದ ತುಂಬಿ ಅಡಿಗೆಮನೆಯ ಪೈಪಿನ ಬಾಯಿ ಮುಳುಗಿದಾಗ ಒಳಗಿನ ನೀರಿಗೆ ಎಡೆ ದೊರೆಯುವುದಿಲ್ಲ; ತೆಂಗಿನ ಬೇರು ಪೈಪಿನ ಜೋಡಣೆಯನ್ನು ಹೊಕ್ಕಿದ್ದರೆ ಫಲವೂ ಅದೇ. ಇದಕ್ಕೆ ಚಿಕಿತ್ಸೆಯು ಮಳೆಗಾಲದಲ್ಲಿ ಇಲ್ಲ, ಮನೆ ಕಟ್ಟುವಾಗ ಇದೆ. ಆದುದರಿಂದ ಕಾರವಾರ-ಅಂಕೋಲೆಗಳಲ್ಲಿ ಹೊಸ ಮನೆ ಕಟ್ಟಿಸುವವರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಯಂತ್ರವನ್ನು ಆರಿಸುವ ಮೊದಲು ಗೌಂಡಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅಡಿಗೆಮನೆಯ ಪೈಪಿನ ಬಾಯಿ ಮಳೆಗಾಲದ ಗಟಾರದ ಮಟ್ಟಕ್ಕಿಂತ ಮೇಲಿರುವಂತೆಯೂ, ನಡುವೆ ತೆರೆದು ತೊಳೆಯಬಲ್ಲ ಒಂದು ಗುಂಡಿಯಿರುವಂತೆಯೂ ಮಾಡಿಸಿರಿ, ಹಾಗೆಯೇ ತಟ್ಟೆಯನ್ನು ಯಂತ್ರದಲ್ಲಿಡುವ ಮೊದಲು ಅಗುಳನ್ನೂ ಮುಳ್ಳನ್ನೂ ಬೇರೆ ತೆಗೆದು, ಇನ್ನೂ ಒಂದು ತೆಂಗು ಉಳಿದಿದ್ದರೆ ಅದರ ಬುಡಕ್ಕೆ ಹಾಕಿರಿ.